ಶೆಡ್ಡು ಮುಚ್ಚಿತು, ಲೆಕ್ಕ ಮುಚ್ಚಲಿಲ್ಲ: ಇಎಸ್‌ಐ ಹಳೇ ಬಾಕಿ ಬಗ್ಗೆ ಒಂದು ಬಹಿರಂಗ ಪತ್ರ

ಕೇಂದ್ರ ಕಾರ್ಮಿಕ ಸಚಿವಾಲಯದಲ್ಲಿ ಇಎಸ್‌ಐ (ನೌಕರರ ರಾಜ್ಯ ವಿಮೆ) ನಿಯಮಗಳನ್ನು ಬರೆಯುವ, ತಿದ್ದುವ ಹಿರಿಯರಿಗೆ,

ನಮಸ್ಕಾರ. ನಾನು ಪೀಣ್ಯದಲ್ಲಿ ಏಳು ವರ್ಷ ಒಂದು ಸಣ್ಣ ಮೆಷಿನ್ ಶಾಪ್ ನಡೆಸಿದವನು. ಎರಡು ಲೇತ್, ಎರಡು ಸಿಎನ್‌ಸಿ, ಒಂದು ಮಿಲ್ಲಿಂಗ್ ಮೆಷಿನ್, ಮೂಲೆಯಲ್ಲಿ ಯಾವಾಗಲೂ ಕಿರುಚುತ್ತಿದ್ದ ಒಂದು ಗ್ರೈಂಡರ್. ಹನ್ನೊಂದು ಜನ ಕೆಲಸಗಾರರು. ಗಾಡಿ ಬಿಡಿಭಾಗಗಳ ಜಾಬ್ ವರ್ಕ್ ಮಾಡುತ್ತಿದ್ದೆವು. 2013ರಲ್ಲಿ ಶುರು ಮಾಡಿದೆ, 2020ರ ಆಗಸ್ಟ್‌ನಲ್ಲಿ ಮುಚ್ಚಿದೆ. ಈಗ ಬೇರೊಬ್ಬರ ಕಾರ್ಖಾನೆಯಲ್ಲಿ ಸೂಪರ್‌ವೈಸರ್.

ಮೊದಲೇ ಹೇಳಿಬಿಡುತ್ತೇನೆ. ತಪ್ಪು ನನ್ನದು. 2019ರ ಏಪ್ರಿಲ್‌ನಿಂದ 2020ರ ಮಾರ್ಚ್‌ವರೆಗೆ ಹನ್ನೆರಡು ತಿಂಗಳು ನಾನು ಇಎಸ್‌ಐ ವಂತಿಗೆ ಕಟ್ಟಲಿಲ್ಲ. ಆದರೆ ಕೆಲಸಗಾರರ ಸಂಬಳದಲ್ಲಿ ಅವರ ಪಾಲನ್ನು ಹಿಡಿದುಕೊಂಡೆ. ಕಟ್ಟದೇ ಇರೋದು ಒಂದು ತಪ್ಪು. ಹಿಡಿದು ಕಟ್ಟದೇ ಇರೋದು ಇನ್ನೊಂದು, ಅದಕ್ಕಿಂತ ದೊಡ್ಡದು. ಹಿಡಿದ ಹಣವನ್ನು ಮಾಲೀಕನ ಕೈಯಲ್ಲಿ ನಂಬಿ ಇಟ್ಟ ಹಣ ಅಂತಲೇ 1948ರ ಇಎಸ್‌ಐ ಕಾಯ್ದೆ ನೋಡುತ್ತಿತ್ತು. (2025ರ ನವೆಂಬರ್‌ನಲ್ಲಿ ಅದರ ಜಾಗಕ್ಕೆ ಹೊಸ ಸಂಹಿತೆ ಬಂದಿದೆ. ನನ್ನ ಬಾಕಿ ಹಳೇ ಕಾಲದ್ದು, ಹಾಗಾಗಿ ಇಲ್ಲಿ ಹೇಳುವ ಇಎಸ್‌ಐ ಸೆಕ್ಷನ್ನುಗಳು ಆ ಹಳೇ ಕಾಯ್ದೆಯವು.) ಅದನ್ನು ಕಟ್ಟದವನಿಗೆ 85ನೇ ಸೆಕ್ಷನ್‌ನಲ್ಲಿ ಒಂದರಿಂದ ಮೂರು ವರ್ಷ ಜೈಲು, ಜೊತೆಗೆ 10,000 ರೂಪಾಯಿ ಜುಲ್ಮಾನೆ ಇತ್ತು. ಇದನ್ನು ನಾನು ಓದಿಕೊಂಡದ್ದು 2024ರಲ್ಲಿ. 2019ರಲ್ಲಿ ಓದಿದ್ದರೆ ಕಟ್ಟುತ್ತಿದ್ದೆನಾ? ಗೊತ್ತಿಲ್ಲ. ಎದೆ ಮುಟ್ಟಿಕೊಂಡು ಹೌದು ಅನ್ನೋಕೆ ಆಗಲ್ಲ.

ಹೇಗಾಯ್ತು ಅಂತ ಹೇಳುತ್ತೇನೆ. ಅನುಕಂಪಕ್ಕಲ್ಲ. ನಿಮ್ಮ ಫೈಲಿನಲ್ಲಿ ಇದೆಲ್ಲ 'ಸುಸ್ತಿದಾರ' ಅನ್ನೋ ಒಂದೇ ಪದದಲ್ಲಿ ಮುಗಿದುಹೋಗುತ್ತದೆ, ಅದಕ್ಕೆ.

2019 ಗಾಡಿ ಮಾರಾಟ ಬಿದ್ದ ವರ್ಷ. ಕಾರು, ಬೈಕು ಎರಡೂ. ಮೂರು ಶಿಫ್ಟ್ ಓಡುತ್ತಿದ್ದ ನಮ್ಮ ಏರಿಯಾದಲ್ಲಿ ಒಂದು ಶಿಫ್ಟಿಗೆ ಕೆಲಸ ಸಿಕ್ಕರೆ ಪುಣ್ಯ ಅನ್ನೋ ಹಾಗಾಯಿತು. ನಾನು ಮಾಲು ಕಳಿಸಿದ ಮೇಲೆ ದುಡ್ಡು ಬರೋಕೆ ಮೂರು ತಿಂಗಳು. ಪ್ರತಿ ತಿಂಗಳು ಮೊದಲ ವಾರ ಕೈಯಲ್ಲಿ ಇದ್ದಷ್ಟು ಹಣ ಇಟ್ಟುಕೊಂಡು ಯಾರಿಗೆ ಕೊಡೋದು, ಯಾರಿಗೆ ಬಿಡೋದು ಅಂತ ಲೆಕ್ಕ. ಕರೆಂಟ್ ಬಿಲ್ ಕಟ್ಟದಿದ್ದರೆ ಫ್ಯೂಸ್ ಕಿತ್ತುಕೊಂಡು ಹೋಗುತ್ತಾರೆ. ಬಾಡಿಗೆ ಕೊಡದಿದ್ದರೆ ಶೆಡ್ಡಿನ ಯಜಮಾನರು ಬಾಗಿಲಿಗೆ ಬಂದು ಕೂರುತ್ತಾರೆ. ಮೆಷಿನ್ ಸಾಲದ ಕಂತು ತಪ್ಪಿದರೆ ಬ್ಯಾಂಕಿನಿಂದ ದಿನಕ್ಕೆ ನಾಲ್ಕು ಫೋನ್. ಸಂಬಳ ತಡವಾದರೆ ಹುಡುಗರ ಮುಖ ನೋಡೋಕಾಗಲ್ಲ. ಇಎಸ್‌ಐ ಒಂದೇ ಸದ್ದು ಮಾಡಲಿಲ್ಲ. 15ನೇ ತಾರೀಖು ಬಂತು, ಹೋಯಿತು. ಯಾರೂ ಬಾಗಿಲು ತಟ್ಟಲಿಲ್ಲ. ಮುಂದಿನ ತಿಂಗಳು ಎರಡೂ ಸೇರಿಸಿ ಕಟ್ಟೋಣ ಅಂದುಕೊಂಡೆ. ಹಾಗೆ ಅಂದುಕೊಂಡೇ ಹನ್ನೆರಡು ತಿಂಗಳಾಯಿತು. ಆಮೇಲೆ ಲಾಕ್‌ಡೌನ್ ಬಂತು.

ನನ್ನ ಹತ್ತಿರ ಈಗಲೂ ಆ ವರ್ಷದ ಸಂಬಳದ ಪಟ್ಟಿ ಇದೆ. ಉದ್ದ ರಿಜಿಸ್ಟರ್, ಕೆಂಪು ಬೈಂಡು. ಸಂಬಳ ಸರಾಸರಿ 14,000. ಜೂನ್‌ವರೆಗೆ ಇಎಸ್‌ಐ ಕಾಲಮ್ಮಿನಲ್ಲಿ 245, 245 ಅಂತ ಸಾಲಾಗಿ ಇದೆ. ಜುಲೈನಿಂದ 105. ಯಾಕೆಂದರೆ 2019ರ ಜುಲೈನಿಂದ ನೀವೇ ದರ ಇಳಿಸಿದಿರಿ. ಮಾಲೀಕರ ಪಾಲು ಶೇ 4.75ರಿಂದ 3.25ಕ್ಕೆ ಬಂತು, ಕೆಲಸಗಾರರದ್ದು ಶೇ 1.75ರಿಂದ 0.75ಕ್ಕೆ. ತಮಾಷೆ ನೋಡಿ, ಕಟ್ಟದೇ ಇದ್ದ ಹಣಕ್ಕೂ ಹೊಸ ದರವನ್ನು ಎಷ್ಟು ಶ್ರದ್ಧೆಯಿಂದ ಹಾಕಿದ್ದೇನೆ! ರೂಪಾಯಿ ಹೆಚ್ಚು ಹಿಡಿದಿಲ್ಲ. ಹಿಡಿದದ್ದನ್ನು ಮಾತ್ರ ಕಟ್ಟಿಲ್ಲ.

ಕೂಡಿಸಿದರೆ ವರ್ಷದ ಬಾಕಿ 85,470 ರೂಪಾಯಿ. ಅದರಲ್ಲಿ ಹುಡುಗರ ಸಂಬಳದಿಂದ ಹಿಡಿದದ್ದು 18,480. ಈ ಎರಡನೇ ಅಂಕಿಯನ್ನು ನಾನು ಎಷ್ಟು ಸಲ ಬರೆದು ನೋಡಿದ್ದೇನೋ.

ಈಗ ಒಬ್ಬ ಹುಡುಗನ ವಿಷಯ. ಹಾವೇರಿ ಕಡೆಯವನು. ಲೇತ್ ಮೇಲೆ ಅವನ ಕೈ ಅಂದರೆ ಕೈ, ಗೇಜ್ ಇಟ್ಟು ನೋಡುವ ಮೊದಲೇ ಸೈಜ್ ಹೇಳುತ್ತಿದ್ದ. 2020ರ ಫೆಬ್ರುವರಿಯಲ್ಲಿ ಅವನಿಗೆ ಕಾಮಾಲೆ ಆಯಿತು. ಇಪ್ಪತ್ತು ದಿನ ಮಲಗಿದ. ಇಎಸ್‌ಐ ಕಾರ್ಡ್ ಇತ್ತು. ಕಾಯಿಲೆ ಬಿದ್ದ ದಿನಗಳಿಗೆ ಕೂಲಿಯ ಶೇ 70ರಷ್ಟು ಭತ್ಯೆ ಸಿಗಬೇಕು. ಅದಕ್ಕೆ ಹಿಂದಿನ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಕಟ್ಟಿರಬೇಕು. ಅವನ ಲೆಕ್ಕಕ್ಕೆ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಆರು ತಿಂಗಳು. ಆ ಆರು ತಿಂಗಳು ಅವನು ಒಂದು ದಿನ ರಜೆ ಹಾಕದೆ ದುಡಿದಿದ್ದ. ಆದರೆ ನಿಮ್ಮ ಕಂಪ್ಯೂಟರಿನಲ್ಲಿ ಅವನ ಹೆಸರಿನ ಮುಂದೆ ಸೊನ್ನೆ.

ಕೌಂಟರಿನಲ್ಲಿ ಅವನಿಗೆ ಹೇಳಿದ್ದು ಇಷ್ಟೇ: 'ನಿಮ್ಮ ಓನರ್ ಕಟ್ಟಿಲ್ಲ.' ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಅವನು ನನಗೆ ಫೋನ್ ಮಾಡಿ, 'ಸಾರ್, ಏನೋ ಕಂಪ್ಯೂಟರ್ ಪ್ರಾಬ್ಲಂ ಅಂತೆ, ನೀವು ಒಂದು ಮಾತು ಕೇಳ್ತೀರಾ' ಅಂದ. ಓನರ್ ಕಟ್ಟಿಲ್ಲ ಅನ್ನೋ ಮಾತನ್ನು ನನ್ನ ಮುಂದೆ ಹೇಳೋಕೆ ಅವನಿಗೇ ಸಂಕೋಚ. ನಾನು ವಿಚಾರಿಸ್ತೀನಿ ಅಂದೆ. ವಿಚಾರಿಸೋಕೆ ಏನಿತ್ತು? ಸಂಜೆ ಅವನ ರೂಮಿಗೆ ಹೋಗಿ ಎರಡು ಸಾವಿರ ಕೊಟ್ಟು ಬಂದೆ. ಇಟ್ಕೋ, ವಾಪಸ್ ಕೊಡಬೇಡ ಅಂದೆ. ಅವನು ಎರಡೂ ಕೈ ಜೋಡಿಸಿದ. ಅವನಿಗೆ ಬರಬೇಕಿದ್ದದ್ದು ಸುಮಾರು 5,900 ರೂಪಾಯಿ. ಅವನದೇ ಹಕ್ಕಿನ ಹಣದಲ್ಲಿ ಮೂರನೇ ಒಂದು ಭಾಗ ಕೊಟ್ಟು ನಾನು ನಮಸ್ಕಾರ ಹಾಕಿಸಿಕೊಂಡು ಬಂದೆ.

ಇದು ಮುಗಿದ ಕಥೆ ಅಂತ ನಾನು ನಾಲ್ಕು ವರ್ಷ ಅಂದುಕೊಂಡಿದ್ದೆ. ಶೆಡ್ಡು ಖಾಲಿ ಮಾಡಿದೆ, ಮೆಷಿನ್ ಮಾರಿ ಬ್ಯಾಂಕ್ ಸಾಲ ತೀರಿಸಿದೆ, ಜಿಎಸ್‌ಟಿ ನಂಬರ್ ರದ್ದು ಮಾಡಿಸಿದೆ. ಇಎಸ್‌ಐ ಕೋಡ್ ನಂಬರನ್ನು ಮುಚ್ಚಿಸಬೇಕು ಅನ್ನೋದು ತಲೆಗೇ ಬರಲಿಲ್ಲ. ತಿಂಗಳಿಗೆ ಇಷ್ಟು ಅಂತ ತಗೊಂಡು ಈ ಕೆಲಸ ನೋಡಿಕೊಳ್ಳುತ್ತಿದ್ದ ಕನ್ಸಲ್ಟೆಂಟ್ ಕೂಡ ಹೇಳಲಿಲ್ಲ. ಅವರಿಗೂ ನಾನು ಬಾಕಿ ಇಟ್ಟಿದ್ದೆ ಬಿಡಿ.

2024ರ ಫೆಬ್ರುವರಿಯಲ್ಲಿ ನನ್ನ ಹಳೇ ಶೆಡ್ಡಿನಲ್ಲಿ ಈಗ ಪೌಡರ್ ಕೋಟಿಂಗ್ ಮಾಡುವವರು ಫೋನ್ ಮಾಡಿದರು. 'ನಿಮ್ಮ ಹೆಸರಿಗೆ ಮೂರು ಲೆಟರ್ ಬಂದಿದೆ, ಸುಮ್ನೆ ಡ್ರಾದಲ್ಲಿ ಬಿದ್ದಿದೆ, ತಗೊಂಡು ಹೋಗಿ' ಅಂತ. ರಬ್ಬರ್ ಬ್ಯಾಂಡ್ ಹಾಕಿದ ಮೂರು ಕಂದು ಲಕೋಟೆ. ಮೇಲಿನದರ ಮೇಲೆ ಹಳದಿ ಪೌಡರಿನ ಬೆರಳಚ್ಚು. ಒಂದು ವಾರ ಅದನ್ನು ಬೈಕಿನ ಡಿಕ್ಕಿಯಲ್ಲಿ ಇಟ್ಟುಕೊಂಡು ಓಡಾಡಿದೆ, ಒಡೆಯಲಿಲ್ಲ. ಈ ಪತ್ರ ಓದುತ್ತಿರುವ ನನ್ನಂಥ ಮಾಜಿ ಮಾಲೀಕರಿಗೆ ಆ ಒಂದು ವಾರ ಹೇಗಿರುತ್ತೆ ಅಂತ ಬಿಡಿಸಿ ಹೇಳಬೇಕಿಲ್ಲ.

ಒಳಗಿದ್ದದ್ದು ಸಿ-18, ಅಂದರೆ ಕಾರಣ ಕೇಳುವ ನೋಟಿಸು. ಯಾಕೆ ಕಟ್ಟಿಲ್ಲ, ಎಷ್ಟು ಕಟ್ಟಬೇಕು, ದಾಖಲೆ ತನ್ನಿ, ಬಂದು ಹೇಳಿ. ಹೋಗದಿದ್ದರೆ 45-ಎ ಸೆಕ್ಷನ್ ಪ್ರಕಾರ ಇಲಾಖೆಯೇ ಅಂದಾಜಿನ ಮೇಲೆ ಮೊತ್ತ ಗೊತ್ತು ಮಾಡುತ್ತದೆ. ಆ ಅಂದಾಜು ನಿಮ್ಮ ಪರವಾಗಿ ಇರುತ್ತೆ ಅಂತ ಯಾರೂ ಆಸೆ ಇಟ್ಟುಕೊಳ್ಳಬೇಡಿ. ಆದೇಶ ಆದ ಮೇಲೆ 60 ದಿನದೊಳಗೆ ಮೇಲ್ಮನವಿ ಹಾಕಬಹುದು, ಆದರೆ ಶೇ 25 ಮೊದಲೇ ಕಟ್ಟಬೇಕು. ಅದೂ ತಪ್ಪಿದರೆ ವಸೂಲಿ ಅಧಿಕಾರಿ. ಅವರು ಆಸ್ತಿ ಜಪ್ತಿ ಮಾಡಬಹುದು, ಬಂಧಿಸಲೂಬಹುದು. ಪ್ರೊಪ್ರೈಟರ್, ಅಂದರೆ ಒಬ್ಬನೇ ಮಾಲೀಕ ಅಂದ ಮೇಲೆ ಅಂಗಡಿ ಬೇರೆ, ಮನೆ ಬೇರೆ ಅಂತ ಇಲ್ಲ. ಶೆಡ್ಡು ಮುಚ್ಚಿದರೂ ಬಾಕಿ ನನ್ನ ಬೆನ್ನ ಹಿಂದೆಯೇ ಬಂತು.

ನಾನು ಕೆಂಪು ರಿಜಿಸ್ಟರ್, ಬ್ಯಾಂಕ್ ಪಾಸ್‌ಬುಕ್ ತಗೊಂಡು ಹೋದೆ. ಎದುರಿಗೆ ಕೂತಿದ್ದ ಅಧಿಕಾರಿ ಬೈಯಲಿಲ್ಲ. ಒಂದೊಂದು ತಿಂಗಳ ಪುಟ ತಿರುವಿದರು, ಕ್ಯಾಲ್ಕುಲೇಟರ್ ಒತ್ತಿದರು, 'ಕಂತಿನಲ್ಲಿ ಕಟ್ತೀರಾ?' ಅಂತ ಅವರೇ ಕೇಳಿದರು. ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಐದು ಕಂತಿನಲ್ಲಿ 85,470 ಕಟ್ಟಿದೆ. ಅದರ ಮೇಲೆ ವರ್ಷಕ್ಕೆ ಶೇ 12 ಬಡ್ಡಿ, ಅಂದರೆ ನಾನು ನಿದ್ದೆ ಮಾಡುತ್ತಿದ್ದಾಗಲೂ ದಿನಕ್ಕೆ 28 ರೂಪಾಯಿ. ಎಲ್ಲ ಸೇರಿ ಸುಮಾರು 48,000 ಬಡ್ಡಿ ಆಯಿತು. ಹೆಂಡತಿಯ ಒಂದು ಜೊತೆ ಬಳೆ ಹೋಯಿತು. ಬಡ್ಡಿ ಬಗ್ಗೆ ನನ್ನ ತಕರಾರು ಇಲ್ಲ. ಆ ಹಣವನ್ನು ನಾನು ಬಳಸಿಕೊಂಡೆ, ಬಳಸಿದ್ದಕ್ಕೆ ಬಾಡಿಗೆ ಕೊಟ್ಟೆ. ಸರಿಯಾಗಿದೆ.

ನನ್ನ ತಕರಾರು ಎರಡು. ಒಂದು ನನ್ನದು, ಒಂದು ಹಾವೇರಿ ಹುಡುಗನದು. ಅವನದನ್ನೇ ಮೊದಲು ಹೇಳುತ್ತೇನೆ. ಈ ಪತ್ರ ಬರೆಯೋಕೆ ಕಾರಣ ಅದೇ.

ಬಾಕಿ ಕಟ್ಟಿ ಮುಗಿದ ದಿನ ನಾನು ಕೇಳಿದೆ: 'ಸಾರ್, ಈಗ ಆ ಹುಡುಗನಿಗೆ ಅವತ್ತಿನ ಭತ್ಯೆ ಸಿಗುತ್ತಾ?' ಉತ್ತರ ಕಾಯ್ದೆಯಲ್ಲೇ ಇದೆ. ಭತ್ಯೆ ಕೇಳುವವನು ಅದು ಬರಬೇಕಾದ ದಿನದಿಂದ 12 ತಿಂಗಳೊಳಗೆ ಕೇಳಬೇಕು. ಅದು ದಾಟಿದರೆ ಇಎಸ್‌ಐ ಕೋರ್ಟಿಗೆ ಹೋಗಿ, ಸರಿಯಾದ ಕಾರಣ ತೋರಿಸಿ, ಅವರು ಒಪ್ಪಿದರೆ ಉಂಟು. ಇದು 77ನೇ ಸೆಕ್ಷನ್. ಈ ಕಡೆ 45-ಎ ನೋಡಿ. ಮಾಲೀಕನ ಬಾಕಿಯನ್ನು ಇಲಾಖೆ 5 ವರ್ಷ ಹಿಂದಕ್ಕೆ ಹೋಗಿ ಕೆದಕಬಹುದು. 2010ರ ತಿದ್ದುಪಡಿ ಆ ಗೆರೆ ಹಾಕಿತು. ಗೆರೆ ಇರೋದು ಒಳ್ಳೆಯದೇ. ಆದರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ವಂತಿಗೆ ವಸೂಲಿ ಮಾಡೋಕೆ ನಿಮಗೆ ಐದು ವರ್ಷ. ಆ ವಂತಿಗೆಯ ಪ್ರಯೋಜನ ಕೇಳೋಕೆ ಅವನಿಗೆ ಒಂದು ವರ್ಷ.

ಹೀಗಾದಾಗ ಏನಾಗುತ್ತೆ? ನಾನು 2024ರಲ್ಲಿ ಅವನ ಹೆಸರಿನ ವಂತಿಗೆ ಕಟ್ಟಿದೆ, ಬಡ್ಡಿ ಸಮೇತ. ನಿಮ್ಮ ಖಾತೆಗೆ ಬಂತು. ಅವನು ಕಾಯಿಲೆ ಬಿದ್ದು ನಾಲ್ಕು ವರ್ಷ ಆಗಿದೆ. ಅವನ ಬಾಗಿಲು ಮುಚ್ಚಿದೆ. ತಪ್ಪು ಮಾಡಿದವನು ನಾನು, ಹಣ ಬಂದದ್ದು ನಿಮಗೆ, ಕಳೆದುಕೊಂಡವನು ಅವನು. ಇದು ಯಾವ ಸೀಮೆ ವಿಮೆ ಸ್ವಾಮಿ?

68ನೇ ಸೆಕ್ಷನ್ ಇದೆ ಅಂತ ನೀವು ಹೇಳಬಹುದು. ಗೊತ್ತು. ಮಾಲೀಕ ಕಟ್ಟದ್ದರಿಂದ ಕೆಲಸಗಾರನಿಗೆ ಪ್ರಯೋಜನ ತಪ್ಪಿದರೆ ಇಎಸ್‌ಐ ನಿಗಮವೇ ಅವನಿಗೆ ಕೊಟ್ಟು, ಆಮೇಲೆ ಮಾಲೀಕನಿಂದ ವಸೂಲಿ ಮಾಡಬಹುದು. ಎಂಥ ಒಳ್ಳೇ ಸೆಕ್ಷನ್ ಅದು! ಬರೆದವರಿಗೆ ಕೈ ಮುಗಿಯಬೇಕು. ಆದರೆ ಜ್ವರದಲ್ಲಿ ಒದ್ದಾಡುತ್ತಾ ಸಾಲಿನಲ್ಲಿ ನಿಂತ ಲೇತ್ ಹುಡುಗನಿಗೆ 68ನೇ ಸೆಕ್ಷನ್ ಹೆಸರು ಎಲ್ಲಿ ಗೊತ್ತಿರುತ್ತೆ? ಅವನು ಅರ್ಜಿ ಹಾಕಬೇಕು ಅಂದರೆ ಅದು ಇದೆ ಅಂತ ಅವನಿಗೆ ಮೊದಲು ತಿಳಿಯಬೇಕಲ್ವಾ?

ನಾನು ಕೇಳೋದು ದೊಡ್ಡದೇನಲ್ಲ. ಹಳೇ ಬಾಕಿ ಜಮಾ ಆದ ದಿನದಿಂದ ಆ ವಿಮೆದಾರನಿಗೆ ಮತ್ತೆ 12 ತಿಂಗಳು ಕೊಡಿ. ಅವನು ಆ ಅವಧಿಯಲ್ಲಿ ಮಲಗಿದ್ದನಾ, ಅವನ ಹೆಂಡತಿಗೆ ಆಸ್ಪತ್ರೆ ಖರ್ಚು ಬಂತಾ, ಚೀಟಿ ಇದೆಯಾ, ಕೇಳಿ. ಮತ್ತೆ ಅವನಿಗೆ ಒಂದು ಮೆಸೇಜ್ ಕಳಿಸಿ. ಅವನ ವಿಮೆ ನಂಬರಿನ ಜೊತೆ ಫೋನ್ ನಂಬರ್ ಇರುತ್ತೆ. 'ನಿಮ್ಮ ಹಳೇ ಮಾಲೀಕರು ಈ ತಿಂಗಳಿನಿಂದ ಈ ತಿಂಗಳವರೆಗಿನ ವಂತಿಗೆ ಈಗ ಕಟ್ಟಿದ್ದಾರೆ, ಆಗ ತಪ್ಪಿದ ಭತ್ಯೆ ಇದ್ದರೆ ಕೇಳಿ' ಅಂತ ಕನ್ನಡದಲ್ಲಿ, ಹಿಂದಿಯಲ್ಲಿ, ಒಡಿಯಾದಲ್ಲಿ ಎರಡು ಸಾಲು. ವಂತಿಗೆ ಬರದ ತಿಂಗಳೂ ಒಂದು ಮೆಸೇಜ್ ಕಳಿಸಿ. 2019ರ ಮೇ 16ಕ್ಕೆ ನನ್ನ ಹನ್ನೊಂದು ಜನಕ್ಕೂ 'ನಿಮ್ಮ ವಂತಿಗೆ ಬಂದಿಲ್ಲ' ಅಂತ ಮೆಸೇಜ್ ಹೋಗಿದ್ದರೆ? ಅವತ್ತು ಸಂಜೆ ಟೀ ಹೊತ್ತಿಗೆ ಅವರು ನನ್ನ ಟೇಬಲ್ ಮುಂದೆ ನಿಂತಿರುತ್ತಿದ್ದರು. ನಾನು ಎಲ್ಲಿಂದಾದರೂ ತಂದು ಕಟ್ಟಿರುತ್ತಿದ್ದೆ. ಫ್ಯೂಸ್ ಕೀಳುವವರಿಗೆ ಹೆದರಿದ ಹಾಗೆ ಇವರಿಗೂ ಹೆದರುತ್ತಿದ್ದೆ. ಬಾಕಿ ಹನ್ನೆರಡು ತಿಂಗಳಿಗೆ ಬೆಳೆಯುತ್ತಲೇ ಇರಲಿಲ್ಲ.

ಆ ಹುಡುಗನನ್ನು ನಾನು ಹುಡುಕಿದೆ. ಹನ್ನೊಂದು ಜನದಲ್ಲಿ ಐದು ಜನದ ನಂಬರ್ ಈಗ ಇಲ್ಲ. ಇಬ್ಬರು ಊರಿಗೆ ಹೋಗಿಬಿಟ್ಟಿದ್ದಾರೆ. ಇವನು ದಾಬಸ್‌ಪೇಟೆಯ ಒಂದು ಯೂನಿಟ್ಟಿನಲ್ಲಿ ಇದ್ದ. ಭಾನುವಾರ ಹೋಗಿ ಉಳಿದ ಹಣ ಕೈಗೆ ಕೊಟ್ಟೆ. ವಿಷಯ ಹೇಳಿದೆ, ಪೂರ್ತಿ. 'ಅಯ್ಯೋ ಬಿಡಿ ಸಾರ್, ಅದು ಯಾವ ಕಾಲದ್ದು' ಅಂದ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, 'ಆವಾಗ ಅಣ್ಣನ ಹತ್ರ ಕೈಸಾಲ ಮಾಡಿದ್ದೆ ಸಾರ್' ಅಂದ. ಹಣ ಎಣಿಸದೆ ಜೇಬಿಗೆ ಇಟ್ಟುಕೊಂಡ.

ಇನ್ನು ನನ್ನ ತಕರಾರು. ಇದನ್ನು ನನ್ನ ಲಾಭಕ್ಕಾಗಿ ಹೇಳುತ್ತಿಲ್ಲ ಅಂದರೆ ಸುಳ್ಳಾಗುತ್ತೆ. ಲಾಭ ಇದೆ. ನನ್ನ ಫೈಲು ಇನ್ನೂ ತೆರೆದೇ ಇದೆ.

ವಂತಿಗೆ, ಬಡ್ಡಿ ಎರಡೂ ಕಟ್ಟಿದ ಮೇಲೆ ಮೂರನೆಯದು ಬಂತು. ಡ್ಯಾಮೇಜಸ್. ಅಂದರೆ ದಂಡ, 85-ಬಿ ಸೆಕ್ಷನ್. ಇದು ಬಾಕಿಯಷ್ಟೇ ಮೊತ್ತದವರೆಗೂ ಹೋಗಬಹುದು. ಹಳೇ ನಿಯಮದಲ್ಲಿ ತಡವಾದಷ್ಟೂ ದರ ಜಾಸ್ತಿ ಇತ್ತು, ಹಾಗಾಗಿ ನನ್ನಂಥ ನಾಲ್ಕೈದು ವರ್ಷದ ಕೇಸಿನಲ್ಲಿ ತುದಿ ಮುಟ್ಟಬಹುದು. ಅಂದರೆ ಇನ್ನೊಂದು 85,470. ಮೂಲ ಬಾಕಿ ಎರಡೂವರೆ ಪಟ್ಟು ಆಗುತ್ತೆ.

ಕೋರ್ಟುಗಳು ಇದರ ಬಗ್ಗೆ ಏನು ಹೇಳಿವೆ ಅಂತ ಓದಿದೆ. ಸುಪ್ರೀಂ ಕೋರ್ಟ್ 2008ರಲ್ಲಿ ಎಚ್‌ಎಂಟಿ ಕೇಸಿನಲ್ಲಿ ಇಎಸ್‌ಐ ದಂಡ ಹಾಕಲೇಬೇಕು ಅಂತಿಲ್ಲ, ಕಾಯ್ದೆಯಲ್ಲಿ ಇರೋದು 'ಹಾಕಬಹುದು' ಅಂತ, ಪರಿಸ್ಥಿತಿ ನೋಡಿ ತೀರ್ಮಾನಿಸಬೇಕು ಅಂದಿತು. ಹೌದು, ನಮ್ಮ ಜಾಲಹಳ್ಳಿಯ, ಗಡಿಯಾರದ ಎಚ್‌ಎಂಟಿ. ಆಮೇಲೆ 2022ರ ಫೆಬ್ರುವರಿಯಲ್ಲಿ ಕೊಡಗಿನ ಗೋಣಿಕೊಪ್ಪಲಿನ ತೋಟಗಾರಿಕೆ ಪ್ರಯೋಗ ಕೇಂದ್ರದ ಪಿಎಫ್ ಕೇಸು. ಅಲ್ಲಿನ ಬಾಕಿ 1975ರಿಂದ 1988ರವರೆಗಿನದು. ಬೇಕಂತಲೇ ಬಾಕಿ ಇಟ್ಟರಾ ಅಂತ ನೋಡಬೇಕಿಲ್ಲ, ತಪ್ಪಿದರೆ ಸಾಕು, ದಂಡ ಹಾಕಬಹುದು ಅಂತ ಅದೇ ಕೋರ್ಟು ಹೇಳಿತು. ಒಂದು ಇಎಸ್‌ಐ, ಒಂದು ಪಿಎಫ್. ಎರಡೂ ಕರ್ನಾಟಕದ ಹೆಸರುಗಳೇ. ಎರಡರ ನಡುವೆ ಎಲ್ಲೋ ನಾನು ನಿಂತಿದ್ದೇನೆ, ಮೂರನೇ ವಿಚಾರಣೆಗೆ ಕಾಯುತ್ತಾ.

ದಂಡ ಕಡಿಮೆ ಮಾಡಲು, ಬಿಡಲು ಕಾಯ್ದೆಯಲ್ಲಿ ಒಂದು ದಾರಿ ಇತ್ತು. ಓದಿ ನಗು ಬಂತು. ರೋಗಗ್ರಸ್ತ ಕಂಪನಿ ಆಗಿರಬೇಕಂತೆ, ಅದಕ್ಕೆ ಬಿಐಎಫ್‌ಆರ್, ಅಂದರೆ ನಷ್ಟದಲ್ಲಿ ಮುಳುಗಿದ ಕಂಪನಿಗಳನ್ನು ನೋಡುವ ಕೇಂದ್ರದ ಮಂಡಳಿ, ಪುನಶ್ಚೇತನ ಯೋಜನೆ ಮಂಜೂರು ಮಾಡಿರಬೇಕಂತೆ. ಆ ಮಂಡಳಿಯೇ 2016ರ ಡಿಸೆಂಬರ್ 1ಕ್ಕೆ ಮುಚ್ಚಿಹೋಯಿತು. ಅದು ಇದ್ದಾಗಲೂ ನಮ್ಮಂಥ ಪ್ರೊಪ್ರೈಟರ್ ಅಂಗಡಿಗಳ ಬಾಗಿಲಿಗೆ ಬರುತ್ತಿರಲಿಲ್ಲ. ದೊಡ್ಡ ಕಂಪನಿ ಕಾಯಿಲೆ ಬಿದ್ದರೆ ರೋಗ, ಹನ್ನೊಂದು ಜನರ ಶೆಡ್ಡು ಬಿದ್ದರೆ ಸುಸ್ತಿ.

ಇದಕ್ಕಿಂತ ನೋವು ಕೊಟ್ಟದ್ದು 2025ರ ನಿಮ್ಮ ಯೋಜನೆಗಳು. 2025ರ ಜುಲೈ 1ರಿಂದ ಡಿಸೆಂಬರ್ 31ರವರೆಗೆ ಅಂತ ಸ್ಪ್ರೀ ಯೋಜನೆ ಘೋಷಿಸಿದಿರಿ. ಇಷ್ಟು ವರ್ಷ ಇಎಸ್‌ಐ ನೋಂದಣಿಯನ್ನೇ ಮಾಡಿಸದ ಮಾಲೀಕರು ಆ ಅವಧಿಯಲ್ಲಿ ಬಂದು ಹೆಸರು ಬರೆಸಿದರೆ ಹಿಂದಿನ ವಂತಿಗೆ ಕೇಳಲ್ಲ, ಹಳೇ ದಾಖಲೆ ಕೆದಕಲ್ಲ ಅಂದಿರಿ. ಪಿಎಫ್ ಕಡೆ ನವೆಂಬರ್ 1ರಿಂದ 2026ರ ಏಪ್ರಿಲ್ 30ರವರೆಗೆ ನೋಂದಣಿ ಅಭಿಯಾನ. ಬಿಟ್ಟುಹೋದ ನೌಕರರನ್ನು ಆಗ ಸೇರಿಸಿದರೆ, ಸಂಬಳದಲ್ಲಿ ಹಿಡಿಯದೇ ಇದ್ದ ಅವರ ಪಾಲು ಮನ್ನಾ, ದಂಡ ಬರೀ 100 ರೂಪಾಯಿ. ಕೋರ್ಟಿನಲ್ಲಿ ಇಎಸ್‌ಐ ವಿರುದ್ಧ ಕೇಸು ನಡೆಸುತ್ತಿರುವವರಿಗೆ ರಾಜಿಯಲ್ಲಿ ಮುಗಿಸಿಕೊಳ್ಳುವ ಅಮ್ನೆಸ್ಟಿ ಯೋಜನೆ 2025, ಅಕ್ಟೋಬರ್ 1ರಿಂದ 2026ರ ಸೆಪ್ಟೆಂಬರ್ 30ರವರೆಗೆ.

ಇವು ಕೆಟ್ಟ ಯೋಜನೆಗಳು ಅಂತ ನಾನು ಹೇಳಲ್ಲ. ಜಾಸ್ತಿ ಜನ ವಿಮೆಯೊಳಗೆ ಬರಬೇಕು, ಬರಲಿ. ಆದರೆ ನನ್ನ ಪಕ್ಕದ ಶೆಡ್ಡಿನವರನ್ನು ನೆನೆಸಿಕೊಳ್ಳುತ್ತೇನೆ. ಅವರಲ್ಲಿ ಹದಿನಾಲ್ಕು ಜನ ಇದ್ದರು, ಪುಸ್ತಕದಲ್ಲಿ ಎಂಟು ಜನ. ಹತ್ತು ಮುಟ್ಟಿದರೆ ಇಎಸ್‌ಐ ಬರುತ್ತೆ ಅಂತ. 2014ರಲ್ಲಿ ನಾನು ನೋಂದಣಿ ಮಾಡಿಸಿದಾಗ 'ಯಾಕೆ ಕೊರಳಿಗೆ ಹಗ್ಗ ಹಾಕ್ಕೋತೀಯ' ಅಂದಿದ್ದರು. ಅಂಥವರು ಸ್ಪ್ರೀಯಲ್ಲಿ ಬಂದಿದ್ದರೆ ಹಳೆಯದೆಲ್ಲ ಮಾಫಿ. ಐದು ವರ್ಷ ತಪ್ಪದೆ ಕಟ್ಟಿ ಒಂದು ವರ್ಷ ಎಡವಿದ ನನಗೆ ಎರಡೂವರೆ ಪಟ್ಟು. ಕಟ್ಟದೆ ಕೋರ್ಟಿಗೆ ಹೋಗಿ ಎಳೆದಾಡಿದವನಿಗೆ ರಾಜಿ. ನೋಟಿಸು ನೋಡಿ ತಕರಾರಿಲ್ಲದೆ ಬಂದು ಪುಸ್ತಕ ತೆರೆದಿಟ್ಟವನಿಗೆ ಮಾತ್ರ ಯಾವ ಯೋಜನೆಯೂ ಇಲ್ಲ. ನನ್ನ ಹೆಂಡತಿ ಇದನ್ನು ಕೇಳಿ, 'ಆ ಪಕ್ಕದ ಶೆಡ್ಡಿನವರು ಹೇಳಿದ್ದು ಸರಿ ಇತ್ತು ಬಿಡಿ' ಅಂದಳು. ಅವಳಿಗೆ ಏನು ಉತ್ತರ ಹೇಳಲಿ?

ನೋಂದಣಿ ಇದ್ದು, ಅಂಗಡಿ ಮುಚ್ಚಿ, ಹಳೇ ಬಾಕಿ ಉಳಿಸಿಕೊಂಡವರಿಗೆ ಒಂದು ಬಾಗಿಲು ತೆರೆಯಿರಿ. ವಂತಿಗೆ ಪೂರ್ತಿ ಕಟ್ಟಿಸಿಕೊಳ್ಳಿ. ಬಡ್ಡಿ ಪೂರ್ತಿ ಕಟ್ಟಿಸಿಕೊಳ್ಳಿ. ಕೆಲಸಗಾರನಿಂದ ಹಿಡಿದ ಪಾಲಿನಲ್ಲಿ ಒಂದು ಪೈಸೆ ಬಿಡಬೇಡಿ. ಅದರ ಮೇಲೆ ದಂಡ ಹಾಕಿದರೂ ನಾನು ಮಾತಾಡಲ್ಲ. 18,480ಕ್ಕೆ ಅಷ್ಟೇ ದಂಡ ಹಾಕಿ, ಕಟ್ಟುತ್ತೇನೆ. ಮಾಲೀಕನ ಸ್ವಂತ ಪಾಲಿನ ಮೇಲಿನ ದಂಡವನ್ನು ಮಾತ್ರ, ತಕರಾರಿಲ್ಲದೆ ಬಂದು ಲೆಕ್ಕ ಕೊಟ್ಟವನಿಗೆ, ಬಿಡಿ ಅಥವಾ ಇಳಿಸಿ. ಹೀಗೆ ಬಂದವನು ತಪ್ಪಿದ ಭತ್ಯೆಗಳನ್ನೂ ತನ್ನ ಕೆಲಸಗಾರರಿಗೆ ತುಂಬಿಕೊಡಬೇಕು ಅಂತ ಷರತ್ತು ಹಾಕಿ. ದಂಡವಾಗಿ ನಿಮಗೆ ಬರುವ ಹಣ ಆ ಹುಡುಗರಿಗೆ ಹೋದರೆ ನಷ್ಟ ಏನು?

ಮುಚ್ಚುವ ವಿಷಯವೂ ಒಂದಿದೆ. ಒಂದು ಸಲ ಇಎಸ್‌ಐಗೆ ಒಳಪಟ್ಟ ಮೇಲೆ ಜನ ಹತ್ತಕ್ಕಿಂತ ಕಡಿಮೆಯಾದರೂ ಕಾಯ್ದೆ ಬಿಡಲ್ಲ. ಒಂದನೇ ಸೆಕ್ಷನ್ನಿನ ಆರನೇ ಉಪವಿಧಿ. ಇದು ಪೀಣ್ಯದಲ್ಲಿ ಎಷ್ಟು ಮಾಲೀಕರಿಗೆ ಗೊತ್ತು ಕೇಳಿ ನೋಡಿ. 'ಈಗ ಆರೇ ಜನ ಇದ್ದೀವಿ, ನಮಗೆ ಬರಲ್ಲ' ಅಂತ ಧೈರ್ಯವಾಗಿ ನಿಲ್ಲಿಸಿದವರು ನನ್ನ ಪರಿಚಯದಲ್ಲೇ ಇಬ್ಬರಿದ್ದಾರೆ. ಅವರಿಗೂ ಎಲ್ಲೋ ಒಂದು ಡ್ರಾದಲ್ಲಿ ಕಂದು ಲಕೋಟೆ ಬೀಳುತ್ತಿರಬಹುದು. ಜಿಎಸ್‌ಟಿ ರದ್ದು ಮಾಡಿಸುವಾಗ ಅದೇ ಪರದೆಯಲ್ಲಿ 'ನಿಮ್ಮ ಇಎಸ್‌ಐ, ಪಿಎಫ್ ಕೋಡ್ ಇನ್ನೂ ತೆರೆದಿದೆ, ಬಾಕಿ ಇಷ್ಟು' ಅಂತ ಒಂದು ಸಾಲು ಬಂದರೆ ಅರ್ಧ ಕೇಸು ಅಲ್ಲೇ ಮುಗಿಯುತ್ತವೆ. ಆ ಬಾಕಿಯನ್ನೂ ಕರೆಂಟ್ ಬಿಲ್ ಥರ ಒಂದೇ ಕಾಗದದಲ್ಲಿ ಕೊಡಿ. ವಂತಿಗೆಗೆ ಒಂದು ನೋಟಿಸು, ಬಡ್ಡಿಗೆ ಇನ್ನೊಂದು, ಅದೆಲ್ಲ ತೀರಿತು ಅಂದುಕೊಂಡಾಗ ದಂಡಕ್ಕೆ ಮತ್ತೊಂದು ಅಂದರೆ, ಕಟ್ಟುವ ಮನಸ್ಸಿದ್ದವನಿಗೂ ಒಟ್ಟು ಎಷ್ಟು ಹೊಂದಿಸಬೇಕು ಅಂತ ತಿಳಿಯಲ್ಲ.

ಕೊನೆಗೊಂದು ಮಾತು, ಸ್ವಂತ ಉದ್ಯೋಗದವರ ಬಗ್ಗೆ. ಆ ಏಳು ವರ್ಷ ಹನ್ನೊಂದು ಜನರ ವಿಮೆಗೆ ಸಹಿ ಹಾಕಿದ ನನಗೆ ಯಾವ ವಿಮೆಯೂ ಇರಲಿಲ್ಲ. ಪ್ರೊಪ್ರೈಟರ್ ತನ್ನ ಅಂಗಡಿಯಲ್ಲಿ ನೌಕರ ಅಲ್ಲ. 2017ರಲ್ಲಿ ನನ್ನ ಎಡಗೈ ಬೆರಳು ಲೇತಿನ ತಿರುಗುವ ಚಕ್‌ಗೆ ಸಿಕ್ಕಿ ಹನ್ನೆರಡು ಹೊಲಿಗೆ ಬಿದ್ದಾಗ ಖಾಸಗಿ ನರ್ಸಿಂಗ್ ಹೋಮಿಗೆ ಹೋದೆ, ಮೂರನೇ ದಿನ ಕೈಗೆ ಬ್ಯಾಂಡೇಜ್ ಸುತ್ತಿಕೊಂಡೇ ಮೆಷಿನ್ ಮುಂದೆ ನಿಂತೆ. ಅದೇ ಮೆಷಿನ್ನಿನಲ್ಲಿ ಹುಡುಗರಿಗೆ ಹಾಗಾಗಿದ್ದರೆ ರಾಜಾಜಿನಗರದ ಇಎಸ್‌ಐ ಆಸ್ಪತ್ರೆ ಇತ್ತು. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿದೆ. ಅಸಂಘಟಿತರಿಗೆ, ಗಿಗ್ ಕೆಲಸಗಾರರಿಗೆ ಇಎಸ್‌ಐ ಯೋಜನೆ ಮಾಡಬಹುದು ಅಂತ ಅದರ 45ನೇ ಸೆಕ್ಷನ್ ಹೇಳುತ್ತದೆ. ಮಾಡುವಾಗ, ತಾನೇ ಮಾಲೀಕ ತಾನೇ ಕೂಲಿ ಆದವರನ್ನೂ ಸೇರಿಸಿ. ನನ್ನ ಹೆಸರೂ ಅದೇ ಪಟ್ಟಿಯಲ್ಲಿ ಇದ್ದಿದ್ದರೆ ನಾನು 15ನೇ ತಾರೀಖನ್ನು ಅಷ್ಟು ಸುಲಭವಾಗಿ ಮರೆಯುತ್ತಿರಲಿಲ್ಲ ಅಂತ ಅನ್ನಿಸುತ್ತೆ.

ಈಗ ನನ್ನ ಸಂಬಳ 20,500. ನಿಮ್ಮ 21,000ದ ಮಿತಿಯೊಳಗೆ ಇದ್ದೇನೆ. ಐವತ್ತೊಂದನೇ ವಯಸ್ಸಿನಲ್ಲಿ ಮೊದಲ ಸಲ ನನಗೂ ಒಂದು ಇಎಸ್‌ಐ ನಂಬರ್ ಬಂದಿದೆ. ಪೇ ಸ್ಲಿಪ್ಪಿನಲ್ಲಿ ತಿಂಗಳಿಗೆ 154 ರೂಪಾಯಿ ಹಿಡಿಯುತ್ತಾರೆ. ಪ್ರತಿ ತಿಂಗಳು 16ನೇ ತಾರೀಖು ಬೆಳಗ್ಗೆ, ಬಸ್ಸಿನಲ್ಲಿ ಕೂತು, ಫೋನ್ ತೆಗೆದು, ಅದು ಜಮಾ ಆಗಿದೆಯಾ ಅಂತ ನೋಡುತ್ತೇನೆ.

ಇಂತಿ,
ಪೀಣ್ಯದ ಒಬ್ಬ ಮಾಜಿ ಮಾಲೀಕ